ಬೇಸಿಗೆಯ ಬಿಡುವಿಗೆ ತೆತ್ತ ಬೆಲೆ

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಮಕ್ಕಳು ಅಧ್ಯಾಪಕರಾಗಿರುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ವಿರಳವೇನಲ್ಲ. ಆ ಮಕ್ಕಳು ದೂರವಾಣಿಯಲ್ಲಿ 'ಬೇಸಿಗೆಯಲ್ಲಿ ನನಗೆ ಸಂಬಳವಿಲ್ಲ' ಎಂದಾಗ ಇಲ್ಲಿ ಹೆತ್ತವರ ಎದೆ ಝಲ್ಲೆನ್ನುವುದುಂಟು. ಕೆಲಸ ಹೋಯಿತೇ ಎಂಬ ಭಯ. ಕೆಲಸವಿದ್ದರೆ ಸಂಬಳವೇಕಿಲ್ಲ ಎಂಬ ಗೊಂದಲ. ಮೂರು ತಿಂಗಳು ತರಗತಿಗಳಿಲ್ಲದಿದ್ದರೂ ಮಗಳು ಊರಿಗೆ ಬರಲಿಲ್ಲವೆಂಬ ಮುನಿಸು ಅದರ ಮೇಲೆ. ಅಲ್ಲಿಯ ವ್ಯವಸ್ಥೆಯನ್ನು ಅರಿತರೆ ಭಯವೂ ಮುನಿಸೂ ತುಸು ತಗ್ಗಬಹುದು.

ಅಲ್ಲಿನ ಬಹುತೇಕ ವಿಶ್ವವಿದ್ಯಾನಿಲಯಗಳು ಅಧ್ಯಾಪಕರನ್ನು ನೇಮಿಸಿಕೊಳ್ಳುವುದು ವರ್ಷಕ್ಕೆ ಒಂಬತ್ತು ತಿಂಗಳ ಕರಾರಿನ ಮೇಲೆ. ಆ ಸಂಬಳವನ್ನೇ ಹನ್ನೆರಡು ಕಂತುಗಳಾಗಿ ಹಂಚಿಕೊಡುವ ಪದ್ಧತಿ ಕೆಲವೆಡೆ ಇದೆಯಾದರೂ ದುಡಿಮೆಯ ಲೆಕ್ಕ ಒಂಬತ್ತೇ ತಿಂಗಳದು. ಜೂನ್‌ನಿಂದ ಆಗಸ್ಟ್‌ವರೆಗೆ ಪಾಠವೂ ಇಲ್ಲ, ವೇತನವೂ ಇಲ್ಲ. ಆದರೆ ಯಾವ ಸಂಶೋಧನೆಯ ಆಧಾರದಿಂದ ಅವರ ಹುದ್ದೆ ಖಾಯಂ ಆಗಬೇಕೋ ಆ ಸಂಶೋಧನೆಗೆ ಸಮಯ ಸಿಗುವುದು ಆ ದಿನಗಳಲ್ಲಿಯೇ! ಈ ಅಂತರವನ್ನು ತುಂಬಲೆಂದೇ ಬೇಸಿಗೆಯ ಸಂಶೋಧನಾ ಅನುದಾನಗಳು ಇವೆ. ಕೆಲವನ್ನು ವಿಶ್ವವಿದ್ಯಾನಿಲಯಗಳೇ ತಮ್ಮ ನಿಧಿಯಿಂದ ಕೊಡುತ್ತವೆ. ದೊಡ್ಡ ದಾತೃ ಎಂದರೆ 1950ರಲ್ಲಿ ಸ್ಥಾಪಿತವಾದ ನ್ಯಾಷನಲ್ ಸೈನ್ಸ್ ಫೌಂಡೇಶನ್. ಭೌತಶಾಸ್ತ್ರ, ಗಣಿತ, ಎಂಜಿನಿಯರಿಂಗ್‌ಗಳೊಂದಿಗೆ ಸಮಾಜ ವಿಜ್ಞಾನಗಳಿಗೂ ಅದು ಧನಸಹಾಯ ನೀಡುತ್ತದೆ. ಅದರ ನಿಯಮದಂತೆ ಒಬ್ಬ ಪ್ರಾಧ್ಯಾಪಕರಿಗೆ ಸಾಮಾನ್ಯವಾಗಿ ವರ್ಷಕ್ಕೆ ಎರಡು ತಿಂಗಳ ವೇತನಕ್ಕಿಂತ ಹೆಚ್ಚು ದೊರೆಯದು. ಅರ್ಜಿಯನ್ನು ಎಷ್ಟೋ ತಿಂಗಳು ಮೊದಲೇ ಬರೆಯಬೇಕು. ಬಹುಪಾಲು ಅರ್ಜಿಗಳು ತಿರಸ್ಕೃತವಾಗುತ್ತವೆ.

ಇಷ್ಟು ಹಣ ಕೊಟ್ಟು ಸಮಾಜವು ಕೊಳ್ಳುವುದೇನನ್ನು? ಗಣಿತವು ಮೊದಲು ಹುಟ್ಟಿದ್ದು ಈಜಿಪ್ಟಿನಲ್ಲಿ, ಏಕೆಂದರೆ ಅಲ್ಲಿ ಪುರೋಹಿತವರ್ಗಕ್ಕೆ ಬಿಡುವಿತ್ತು ಎಂದು ಅರಿಸ್ಟಾಟಲನು ತತ್ತ್ವಮೀಮಾಂಸೆಯ ಆರಂಭದಲ್ಲೇ ಹೇಳುತ್ತಾನೆ. ಬಿಡುವು ಎಂಬ ಅರ್ಥದ ಗ್ರೀಕ್ ಪದದಿಂದಲೇ 'ಸ್ಕೂಲ್' ಎಂಬ ಮಾತು ಬಂದಿದೆ. (ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಯಾವ ವಿದ್ಯಾರ್ಥಿಯೂ ನಂಬಲಾರ.) ಬೇಸಿಗೆಯ ಅನುದಾನವು ಕೊಳ್ಳುವುದೂ ಬಿಡುವನ್ನೇ. ಅದರಿಂದ ಏನು ಫಲಿಸುವುದೆಂದು ಕೊಡುವವನಿಗೂ ತಿಳಿಯದು, ಪಡೆಯುವವನಿಗೂ ತಿಳಿಯದು.

ಥಾಮಸ್ ಬ್ರಾಕ್ ಅವರ ಉದಾಹರಣೆಯನ್ನು ನೋಡಿರಿ. ಇಂಡಿಯಾನಾ ವಿಶ್ವವಿದ್ಯಾನಿಲಯದ ಈ ಸೂಕ್ಷ್ಮಜೀವಿ ವಿಜ್ಞಾನಿ 1960ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ, ಬೇಸಿಗೆ ಬಂತೆಂದರೆ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಗಳ ಬಳಿ ಇರುತ್ತಿದ್ದರು. ವೆಚ್ಚಕ್ಕೆ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿನ ನೆರವಿತ್ತು. ಅಷ್ಟು ಕಾದ ನೀರಿನಲ್ಲಿ ಜೀವ ಬಾಳಲಾರದೆಂಬುದು ಅಂದಿನ ಸಾಮಾನ್ಯ ನಂಬಿಕೆ. ಬುಗ್ಗೆಯಲ್ಲಿ ಬಾಳುತ್ತಿರುವುದು ಏನು ಎಂಬ ಕುತೂಹಲವೊಂದೇ ಬ್ರಾಕ್ ಅವರದು; ಲಾಭದ ಯಾವ ಆಲೋಚನೆಯೂ ಇರಲಿಲ್ಲ. 1966ರಲ್ಲಿ ಅವರೂ ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅವರೂ ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸೊಗಸಾಗಿ ಬೆಳೆಯುವ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟು ಲೇಖನ ಪ್ರಕಟಿಸಿದರು. ಬೇಕಾದವರು ಬಳಸಲೆಂದು ಅದರ ಮಾದರಿಯನ್ನು ಸಾರ್ವಜನಿಕ ಸಂಗ್ರಹಾಲಯಕ್ಕೂ ಒಪ್ಪಿಸಿದರು. ಅಲ್ಲಿಗೆ ಮುಗಿಯಿತು.

1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬವರು ಡಿಎನ್‌ಎಯ ಒಂದು ತುಣುಕನ್ನು ಕೋಟಿಗಟ್ಟಲೆಯಾಗಿ ನಕಲು ಮಾಡುವ ಉಪಾಯವನ್ನು ಕಂಡುಹಿಡಿದರು. ಪ್ರತಿ ಸುತ್ತಿನಲ್ಲಿಯೂ ದ್ರಾವಣವನ್ನು ಕುದಿಬಿಂದುವಿನ ಸಮೀಪಕ್ಕೆ ಕಾಯಿಸಬೇಕು. ಆ ಕಾವಿಗೆ ನಕಲು ಮಾಡುವ ಕಿಣ್ವವೇ ನಾಶವಾಗುತ್ತಿತ್ತು. ಆಗ ನೆನಪಿಗೆ ಬಂದದ್ದು ಬಿಸಿನೀರಿನಲ್ಲೇ ಹುಟ್ಟಿ ಬೆಳೆದ ಆ ಬ್ಯಾಕ್ಟೀರಿಯ. ಅದರ ಕಿಣ್ವ ಕಾವಿಗೆ ಬಗ್ಗಲಿಲ್ಲ. 2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ವರದಿಗಾಗಿ ಕಾದು ಕುಳಿತ ನಮಗೆಲ್ಲ ಪರಿಚಿತವಾದ ಪಿಸಿಆರ್ ಪರೀಕ್ಷೆ ಇದೇ. ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1991ರಲ್ಲಿ ಈ ವಿಧಾನದ ಹಕ್ಕುಗಳು 30 ಕೋಟಿ ಡಾಲರಿಗೆ ಮಾರಾಟವಾಗಿದ್ದವು. 2021ರಲ್ಲಿ ತೀರಿಕೊಂಡ ಬ್ರಾಕ್ ಅವರಿಗೆ ಅದರಲ್ಲಿ ಒಂದು ಕಾಸೂ ಸಲ್ಲಲಿಲ್ಲ.

ಸಮಾಜ ವಿಜ್ಞಾನದ ಫಲ ಹೀಗೆ ಸೀಸೆಯಲ್ಲಿ ಹಿಡಿದು ತೋರಿಸುವಂಥದಲ್ಲ. ಆದುದರಿಂದ ಅದರ ಮೇಲೆ ಕಲ್ಲು ಬೀಳುವುದೂ ಬೇಗ. 1975ರಲ್ಲಿ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಅವರು ಸಾರ್ವಜನಿಕ ಹಣದ ದುಂದುವೆಚ್ಚವನ್ನು ಅಣಕಿಸಲು 'ಗೋಲ್ಡನ್ ಫ್ಲೀಸ್' ಎಂಬ ಬಿರುದನ್ನು ಸ್ಥಾಪಿಸಿದರು. ಪ್ರಥಮ ಬಿರುದು ಇದೇ ಫೌಂಡೇಶನ್ನಿಗೆ. ಮನುಷ್ಯರು ಏಕೆ ಪ್ರೀತಿಸುತ್ತಾರೆ ಎಂಬ ಮನಃಶಾಸ್ತ್ರದ ಅಧ್ಯಯನಕ್ಕೆ 84,000 ಡಾಲರ್ ಕೊಟ್ಟ ತಪ್ಪಿಗೆ. ಆ ಪ್ರಶ್ನೆಗೆ ಉತ್ತರ ಬೇಡವೆಂಬುದೇ ಸೆನೆಟರರ ನಿಲುವಾಗಿತ್ತು. ವಿವಾಹಪೂರ್ವ ತರಬೇತಿಯಲ್ಲಿ ವರ್ಷವರ್ಷವೂ ವಧೂವರರ ಎದುರು ಕುಳಿತುಕೊಳ್ಳುವ ನನಗೆ ಈ ನಗೆಯಲ್ಲಿ ಪಾಲ್ಗೊಳ್ಳಲು ಸಾಧ್ಯವಿಲ್ಲ.

ನಮ್ಮ ನಾಡಿನ ಎಂ. ಎನ್. ಶ್ರೀನಿವಾಸ್ ಅವರನ್ನು ಇಲ್ಲಿ ನೆನೆಯಬೇಕು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಅವರಿಗೆ ಅಧ್ಯಾಪಕ ಹುದ್ದೆ ಕೊಟ್ಟು, ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಬಿಟ್ಟುಕೊಟ್ಟಿತು. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ನೆಲೆಸಿದರು. ಬರೋಡಾದಲ್ಲಿ ಪ್ರಾಧ್ಯಾಪಕರಾದ ಬಳಿಕ 1952ರ ಬೇಸಿಗೆಯಲ್ಲಿ ಮರಳಿ ಅಲ್ಲಿಗೇ ಹೋದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರ ಪರಿಷ್ಕೃತ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. 'ದ ರಿಮೆಂಬರ್ಡ್ ವಿಲೇಜ್' ಎಂಬ ಅವರ ಗ್ರಂಥ ಬಹುಪಾಲು ನೆನಪಿನಿಂದಲೇ ರೂಪುಗೊಂಡು 1976ರಲ್ಲಿ ಹೊರಬಂತು. ಅನುದಾನದ ಅವಧಿ ಮುಗಿದೊಡನೆ ಫಲಿತಾಂಶ ಒಪ್ಪಿಸಬೇಕೆಂಬ ಇಂದಿನ ಅಧಿಕಾರಿಗಳು ಈ 28 ವರ್ಷಗಳನ್ನು ಯಾವ ಅಂಕಣದಲ್ಲಿ ತುಂಬುತ್ತಿದ್ದರೋ!

2025ರ ವಸಂತದಲ್ಲಿ ನ್ಯಾಷನಲ್ ಸೈನ್ಸ್ ಫೌಂಡೇಶನ್ ತಾನು ಮಂಜೂರು ಮಾಡಿದ್ದ ಸಾವಿರಕ್ಕೂ ಮೀರಿದ ಅನುದಾನಗಳನ್ನು ನಡುವಿನಲ್ಲೇ ರದ್ದುಪಡಿಸಿತು. ವಿಜ್ಞಾನ ಶಿಕ್ಷಣ ಮತ್ತು ಸಮಾಜ ವಿಜ್ಞಾನಗಳಿಗೆ ದೊಡ್ಡ ಪೆಟ್ಟು ಬಿತ್ತು. ಕೆಲವು ನ್ಯಾಯಾಲಯದ ಆದೇಶದಿಂದ ಮರುಜೀವ ಪಡೆದವು. ಆದರೆ ಬೇಸಿಗೆ ಹೋದರೆ ಹೋದಂತೆಯೇ. ಕೈತಪ್ಪಿದ ಕ್ಷೇತ್ರಕಾರ್ಯವನ್ನು ಡಿಸೆಂಬರಿನಲ್ಲಿ ಮಾಡಲಾಗದು. ದೂರವಾಣಿಯಲ್ಲಿ ಮಗಳ ಧ್ವನಿ ಕುಗ್ಗಿದ್ದರೆ ಇಂಥ ಕಾರಣವೂ ಇರಬಹುದೆಂದು ಹೆತ್ತವರು ತಿಳಿಯಬೇಕು.

ಇನ್ನು ನಮ್ಮಲ್ಲಿ? ನಮ್ಮ ಕಾಲೇಜು ಅಧ್ಯಾಪಕರಿಗೆ ರಜೆಗೂ ಸಂಬಳವುಂಟು, ಅದು ಒಳ್ಳೆಯದೇ. ಆದರೆ ಆ ರಜೆಯನ್ನು ಉತ್ತರಪತ್ರಿಕೆಗಳ ಮೌಲ್ಯಮಾಪನ, ಪ್ರವೇಶಾತಿ, ಚುನಾವಣಾ ಕರ್ತವ್ಯಗಳು ತಿಂದುಹಾಕುತ್ತವೆ. ಸಂಬಳವಿದ್ದೂ ಬಿಡುವಿಲ್ಲದ ಸ್ಥಿತಿ ಇದು. ಒಂದು ಬಾಗಿಲು ಮಾತ್ರ ತೆರೆದಿದೆ. ಸರ್ ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಡನೆ ಸೇರಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ ನಡೆಸುತ್ತಿದೆ. ವಿದ್ಯಾರ್ಥಿಗಳಂತೆಯೇ ಅಧ್ಯಾಪಕರೂ ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸ ಮಾಡಬಹುದು. ನಿಮ್ಮ ಮನೆಯಲ್ಲಿ ವಿಜ್ಞಾನದ ಉಪನ್ಯಾಸಕರಿದ್ದರೆ ಕೇಳಿ ನೋಡಿರಿ, ಅವರು ಅರ್ಜಿ ಹಾಕಿದ್ದಾರೆಯೇ? ಹಾಕಿದ್ದರೆ ಏಪ್ರಿಲ್‌ನಲ್ಲಿ ಮನೆಯ ಮದುವೆಗಳ ಓಡಾಟವನ್ನು ಅವರ ತಲೆಯ ಮೇಲೆ ಹೊರಿಸಬೇಡಿ.