ಕಡತ ಹೋದ ಮೇಲೆ ಕಚೇರಿಯೇಕೆ?

ಗುಮಾಸ್ತರೆಲ್ಲರೂ ಪ್ರತಿದಿನ ಒಂದೇ ಕಟ್ಟಡದಲ್ಲಿ ಏಕೆ ಸೇರಬೇಕಾಗಿತ್ತು? ಕಾರಣ ಸರಳವಾದುದು: ಕಡತಗಳು ಅಲ್ಲಿದ್ದುವು. ಒಂದು ಕಡತವು ಏಕಕಾಲದಲ್ಲಿ ಎರಡು ಸ್ಥಳಗಳಲ್ಲಿ ಇರಲಾರದು. ಆದುದರಿಂದ ಜನರೇ ಅದು ಇದ್ದೆಡೆಗೆ ಬಂದರು. ಅವರ ಸುತ್ತ ನಗರ ಬೆಳೆಯಿತು.

ವಿದ್ಯುತ್ ಸಂಕೇತಗಳಾಗಿ ಮಾರ್ಪಟ್ಟ ಕಡತಕ್ಕೆ ಈ ಬಂಧನವಿಲ್ಲ. ಕೆಲಸವನ್ನೇ ಕೆಲಸಗಾರನ ಬಳಿಗೆ ಕಳುಹಿಸಬಹುದೆಂದು ಅಮೆರಿಕದ ಜಾಕ್ ನಿಲ್ಸ್ 1973ರಲ್ಲಿಯೇ ಸೂಚಿಸಿದ್ದರು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಇಲ್ಲಿ ಸಿದ್ಧವಾದ ಕೆಲಸವನ್ನು ಉಪಗ್ರಹದ ಮೂಲಕ ಹೊರದೇಶಕ್ಕೆ ಕಳುಹಿಸಿ ಇದನ್ನು ಸಾಧಿಸಿ ತೋರಿಸಿತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ನಿಮಿತ್ತ ಲಾಕ್‌ಡೌನ್ ಬಂದಾಗ, ಅದೇ ಊರಿನ ಅಸಂಖ್ಯ ಮೇಜುಗಳು ಮನೆಗಳನ್ನು ಸೇರಿದುವು. ಗಣಕದ ಕೆಲಸ ನಿಲ್ಲಲಿಲ್ಲ. ಕಚೇರಿಯ ಬಾಗಿಲಲ್ಲಿ ಚಹಾ ಮಾರುತ್ತಿದ್ದವರ ಸಂಪಾದನೆ ನಿಂತಿತು.

ಹಾಗಾದರೆ ನಗರಗಳು ಬರಿದಾಗುವುವೆ? ನಮಗೆ ಹಾಗೆ ತೋರುವುದಿಲ್ಲ. ಸಂಕೇತಗಳು ಬರಹವನ್ನೂ ಮಾತನ್ನೂ ಒಯ್ಯಬಲ್ಲುವು. ಹಿರಿಯರ ಪಕ್ಕದಲ್ಲಿ ಕುಳಿತ ಹೊಸಬನು ಕೇಳದೆಯೇ ಕಲಿಯುವ ಪಾಠವನ್ನು ಒಯ್ಯಲಾರವು. ಕಡತಗಳ ಉಗ್ರಾಣವಾಗಿದ್ದ ಕಚೇರಿಯು ಇನ್ನು ಮುಂದೆ ಉಳಿಯುವುದಾದರೆ, ಈ ಪಾಠಕ್ಕಾಗಿಯೇ ಉಳಿಯಬೇಕು. ಮೊದಲ ನೌಕರಿಗೆ ಸೇರುವ ವಿದ್ಯಾರ್ಥಿಯು ಸಂಬಳದೊಡನೆ, ತನ್ನ ಪಕ್ಕದಲ್ಲಿ ಯಾರು ಕುಳಿತಿರುವರೆಂಬುದನ್ನೂ ವಿಚಾರಿಸುವುದು ಲೇಸು.