ನಿಮಗಿದು ಗೊತ್ತೆ? ಜಾತ್ರೆಯಿಂದ ಜಾತ್ರೆಗೆ 735 ದಿನ!

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ಮಾರ್ಚ್ 15ಕ್ಕೆ, 2024ರಲ್ಲಿ ಮಾರ್ಚ್ 19ಕ್ಕೆ ಶುರುವಾಯಿತು, ಎರಡೂ ಮಂಗಳವಾರ. ನಡುವಿನ ದಿನಗಳೆಷ್ಟು? ಕಂಪ್ಯೂಟರ್ ಎಣಿಸುವುದು ಹೀಗೆ.

ವೆಬ್‌ಸೈಟ್‌ಗಳ ಭಾಷೆಯಾದ ಜಾವಾಸ್ಕ್ರಿಪ್ಟ್ ಯಾವುದೇ ದಿನಾಂಕವನ್ನು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳಾಗಿ ಇಟ್ಟುಕೊಳ್ಳುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು, ಒಂದು ದಿನದ ಮಿಲಿಸೆಕೆಂಡುಗಳಾದ 8,64,00,000ದಿಂದ ಭಾಗಿಸಿದರೆ ಉತ್ತರ 735 ದಿನ. ಸರಿಯಾಗಿ 105 ವಾರ. 2024ರ ಫೆಬ್ರವರಿ 29 ಕೂಡ ತಾನಾಗಿಯೇ ಲೆಕ್ಕಕ್ಕೆ ಸೇರುತ್ತದೆ.

ಒಂದು ಎಚ್ಚರಿಕೆ: ಜಾವಾಸ್ಕ್ರಿಪ್ಟ್‌ಗೆ ದಿನಾಂಕವನ್ನು ಅಂಕಿಗಳಲ್ಲಿ ಕೊಡುವಾಗ ತಿಂಗಳ ಎಣಿಕೆ ಸೊನ್ನೆಯಿಂದ. ಮಾರ್ಚ್ ಎಂದುಕೊಂಡು 3 ಕೊಟ್ಟರೆ ಅದು ಏಪ್ರಿಲ್!

ಮುಂದಿನ ಜಾತ್ರೆಯ ದಿನವನ್ನು ಮಾತ್ರ ಕಂಪ್ಯೂಟರ್ ತಾನಾಗಿ ಹೇಳಲಾರದು: 2022ರ ದಿನಾಂಕಕ್ಕೆ ಬರೀ ಎರಡು ವರ್ಷ ಕೂಡಿಸಿದರೆ ಸಿಗುವುದು ಮಾರ್ಚ್ 15, ಶುಕ್ರವಾರ. ಜಾತ್ರೆ ಕೂಡುವುದು ಪಂಚಾಂಗ ನೋಡಿ. ಮುಹೂರ್ತ ಗೊತ್ತಾದ ಮೇಲೆ ದಿನಾಂಕವನ್ನು ಕೈಯಾರೆ ತುಂಬಲೇಬೇಕು.