ಹುಲ್ಲಿನ ಹೊರೆಗೆ ತಕ್ಕ ಕಟ್ಟು

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಸೀಮೆಯಲ್ಲಿಯೂ ಕಾವೇರಿ ನೀರುಣ್ಣುವ ಮಂಡ್ಯದ ಬಯಲಿನಲ್ಲಿಯೂ ಭತ್ತದ ಕೊಯ್ಲು ಯಂತ್ರದ ಪಾಲಾದಂತೆ, ಹುಲ್ಲನ್ನು ಕೂಡಿಹಾಕುವ ಮತ್ತು ಸಾಗಿಸುವ ರೀತಿಯೂ ಬದಲಾಗಿದೆ. ಕೈಕೊಯ್ಲಿನ ಕಾಲದಲ್ಲಿ ಸಿವುಡು ಕಟ್ಟಿ, ಕಣದಲ್ಲಿ ಬಡಿದು, ಬಣವೆ ಒಟ್ಟುತ್ತಿದ್ದ ಹುಲ್ಲು ಈಗ ಕಟಾವು ಯಂತ್ರದ ಹಿಂದೆ ಗದ್ದೆಯಲ್ಲಿಯೇ ಚೆಲ್ಲಿ ಬೀಳುತ್ತದೆ. ಅದನ್ನು ಟ್ರ್ಯಾಕ್ಟರಿಗೆ ಜೋಡಿಸಿದ ಬೇಲರ್ ಎಂಬ ಯಂತ್ರವು ಎತ್ತಿಕೊಂಡು, ಸುರುಳಿಯಾಗಿಯೋ ಇಟ್ಟಿಗೆಯ ಆಕಾರದಲ್ಲಿಯೋ ಒತ್ತಿ, ಹುರಿಯಿಂದ ಬಿಗಿದು ಹೊರಹಾಕುತ್ತದೆ. ಹೀಗೆ ಸಿದ್ಧವಾದ ಕಟ್ಟನ್ನು ಬೇಲ್ ಎಂದೇ ಕರೆಯಲಾಗುತ್ತದೆ. ಮೇವಿನ ಕೊರತೆಯಿರುವ ಊರುಗಳಿಗೆ ಇವು ಟ್ರೇಲರ್ ಮತ್ತು ಲಾರಿಗಳಲ್ಲಿ ದೂರದವರೆಗೆ ಹೋಗುತ್ತವೆ. ಯಂತ್ರದ ಬಾಡಿಗೆ, ವಾಹನದ ಬಾಡಿಗೆ, ಆಳುಗಳ ಕೂಲಿ ಇವುಗಳನ್ನೆಲ್ಲ ಕೂಡಿ ಕಳೆದು ನೋಡುವ ರೈತರು ಹೊರೆಯನ್ನು ಬಿಗಿಯುವ ಹಗ್ಗದ ವಿಷಯಕ್ಕೆ ಬಂದಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ಬಳಸುವುದುಂಟು; ಆದರೆ ರಸ್ತೆಯಲ್ಲಿ ಹಿಂದೆ ಬರುವ ಬೈಕ್ ಸವಾರನ ಜೀವ ನಿಂತಿರುವುದು ಆ ಹಗ್ಗದ ಮೇಲೆಯೇ.

ಹುಲ್ಲು ಹಗುರವಾದ ಸರಕೆಂಬ ನಂಬಿಕೆ ಈ ಉಪೇಕ್ಷೆಯ ಮೂಲ. ಒಂದು ಬೇಲ್ 20 ಕಿಲೋ ತೂಗುತ್ತದೆಂದು ಇಟ್ಟುಕೊಂಡರೂ 100 ಬೇಲ್‌ಗಳ ಹೊರೆ 2 ಟನ್ ಆಗುತ್ತದೆ, ಇಬ್ಬನಿಯಲ್ಲಿಯೋ ಮಳೆಯಲ್ಲಿಯೋ ನೆನೆದಿದ್ದರೆ ಇನ್ನೂ ಹೆಚ್ಚು. ವಾಹನ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಸರಕು ತನ್ನ ತೂಕದ ಸುಮಾರು ಶೇ 80ರಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು, ತಿರುವಿನಲ್ಲಿ ಶೇ 50ರಷ್ಟು ಬಲದಿಂದ ಪಕ್ಕಕ್ಕೆ ವಾಲಬಹುದು ಎಂಬ ಲೆಕ್ಕವನ್ನು ಅಮೆರಿಕ ಮತ್ತು ಯುರೋಪಿನ ಸರಕು ಭದ್ರತೆಯ ನಿಯಮಗಳು ಆಧಾರವಾಗಿ ಇಟ್ಟುಕೊಂಡಿವೆ. ಅಂದರೆ 2 ಟನ್ ಹುಲ್ಲು ತಿರುವಿನಲ್ಲಿ ಒಂದು ಟನ್ನಿನ ಬಲದಿಂದ ಪಕ್ಕದ ರಸ್ತೆಯತ್ತ ಜಗ್ಗಬಹುದು.

ಕಟ್ಟುವ ಸಾಮಗ್ರಿಗಳಲ್ಲಿ ಹಳೆಯದು ನಾರಿನ ಹಗ್ಗ. ತೆಂಗಿನ ನಾರು, ಪುಂಡಿ, ಕತ್ತಾಳೆಗಳಿಂದ ಹೊಸೆದ ಹಗ್ಗಗಳು ಎತ್ತಿನ ಗಾಡಿಯ ನಿಧಾನದ ನಡೆಗೆ ಸಾಕಾಗಿದ್ದವು. ಗಂಟೆಗೆ 50 ಕಿಲೋಮೀಟರ್ ವೇಗದ ಲಾರಿಗೆ ಅವು ಸಾಲವು, ನೀರು ಕುಡಿದು ಒಳಗಿನಿಂದ ಕೊಳೆತರೆ ಹೊರಗೆ ಕಾಣಿಸುವುದೂ ಇಲ್ಲ. ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹಗ್ಗವೆಂದು ತೂಕದ ಲೆಕ್ಕದಲ್ಲಿ ಮಾರುವ ಬಣ್ಣದ ಹಗ್ಗ ಹೆಚ್ಚಾಗಿ ಪಾಲಿಪ್ರೊಪಿಲಿನ್ ಅಥವಾ ಅದರ ಹತ್ತಿರದ ಜಾತಿಯದಾಗಿದ್ದು, ಹಗುರವೂ ಅಗ್ಗವೂ ಆಗಿದ್ದರೂ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳಿಗೆ ಬೇಗ ಸೋಲುತ್ತದೆ. ವರ್ಷವಿಡೀ ಟ್ರೇಲರ್ ಮೇಲೆ ಬಿದ್ದಿದ್ದ ಹಗ್ಗವನ್ನು ಉಜ್ಜಿದಾಗ ಪುಡಿ ಉದುರಿದರೆ ಅದರ ಆಯುಸ್ಸು ಮುಗಿದಿದೆ ಎಂದೇ ಅರ್ಥ. ನೈಲಾನ್ ಬಲವಾದದ್ದು, ಆದರೆ ಹೆಚ್ಚು ಹಿಗ್ಗುವ ಸ್ವಭಾವದ್ದು, ನೆನೆದಾಗ ಸ್ವಲ್ಪ ಬಲ ಕಳೆದುಕೊಳ್ಳುವಂಥದ್ದು, ಬ್ಯಾಟರಿಯ ಆಮ್ಲ ತಗುಲಿದರೆ ಹಾಳಾಗುವಂಥದ್ದು. ಇವೆಲ್ಲವನ್ನೂ ಹೋಲಿಸಿದಾಗ ಹುಲ್ಲಿನ ಹೊರೆಗೆ ಪಾಲಿಯೆಸ್ಟರ್ ನೂಲಿನಿಂದ ನೇಯ್ದ ಚಪ್ಪಟೆ ಪಟ್ಟಿಯೇ ಮೇಲು: ಅದು ಕಡಿಮೆ ಹಿಗ್ಗುತ್ತದೆ, ಬಿಸಿಲನ್ನು ಹೆಚ್ಚು ತಾಳುತ್ತದೆ, ಅಗಲವಾಗಿರುವುದರಿಂದ ಬೇಲ್‌ನೊಳಕ್ಕೆ ಹಗ್ಗದಷ್ಟು ಕೊರೆದುಕೊಂಡು ಹೋಗುವುದಿಲ್ಲ. ಇದನ್ನು ರ್‍ಯಾಚೆಟ್ ಎಂಬ ಹಲ್ಲುಗಾಲಿಯ ಹಿಡಿಯಿಂದ ಬಿಗಿಯಲಾಗುತ್ತದೆ. ಹಿಡಿಯನ್ನು ಹಿಂದೆ ಮುಂದೆ ಆಡಿಸಿದಂತೆ ಪಟ್ಟಿ ಉರುಳೆಗೆ ಸುತ್ತಿಕೊಳ್ಳುತ್ತದೆ, ಹಲ್ಲು ಅದನ್ನು ಹಿಂದಕ್ಕೆ ಜಾರಲು ಬಿಡುವುದಿಲ್ಲ.

ಬೆಲ್ಟ್ ಎಂದು ಕರೆಯುವ ಈ ಪಟ್ಟಿಯನ್ನು ಕೊಳ್ಳುವಾಗ ಅದಕ್ಕೆ ಹೊಲಿದಿರುವ ಚೀಟಿಯನ್ನು ಓದಬೇಕು. ಯುರೋಪಿನ ಇ.ಎನ್. 12195-2 ಎಂಬ ಮಾನದಂಡದ ಪ್ರಕಾರ ನೀಲಿ ಚೀಟಿ ಪಾಲಿಯೆಸ್ಟರನ್ನೂ, ಹಸಿರು ನೈಲಾನ್ ಕುಲದ ಪಾಲಿಅಮೈಡನ್ನೂ, ಕಂದು ಪಾಲಿಪ್ರೊಪಿಲಿನನ್ನೂ ಸೂಚಿಸುತ್ತದೆ. ಅದರಲ್ಲಿ ಎಲ್.ಸಿ. ಎಂದು ಬರೆದಿರುವುದು ಬೆಲ್ಟ್ ನೇರವಾಗಿ ಎಳೆದು ನಿಂತಾಗ ಸುರಕ್ಷಿತವಾಗಿ ಹೊರಬಲ್ಲ ಬಲ. ಅಳತೆ ಡೆಕಾನ್ಯೂಟನ್‌ನಲ್ಲಿ ಇರುತ್ತದೆ, ಒಂದು ಡೆಕಾನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಕಿಲೋ ತೂಕದ ಬಲ. ಕೆಲವು ಮಾರಾಟಗಾರರು ದೊಡ್ಡಕ್ಷರದಲ್ಲಿ ಹೇಳುವುದು ಬೆಲ್ಟ್ ಹರಿಯುವ ಬಲವನ್ನು, ಕೆಲಸಕ್ಕೆ ನಂಬಬಹುದಾದ ಬಲವನ್ನಲ್ಲ. ಅಮೆರಿಕದ ರೂಢಿಯಲ್ಲಿ ಹರಿಯುವ ಬಲದ ಮೂರನೆಯ ಒಂದು ಭಾಗವನ್ನು ಮಾತ್ರ ಕೆಲಸದ ಮಿತಿಯೆಂದು ಎಣಿಸುತ್ತಾರೆ. ಚೀಟಿಯೇ ಇಲ್ಲದ ಬೆಲ್ಟನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು.

ಆದರೆ ಹುಲ್ಲಿನ ವಿಷಯದಲ್ಲಿ ಬಲಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಹೊರೆಯ ಮೇಲಿನಿಂದ ಹಾಯಿಸಿ ಬಿಗಿದ ಬೆಲ್ಟ್ ಸರಕನ್ನು ಕೆಳಕ್ಕೆ ಒತ್ತುತ್ತದೆ, ಆ ಒತ್ತಡದಿಂದ ಬೇಲ್‌ಗಳ ನಡುವೆಯೂ ತಳದ ಹಲಗೆಯ ಮೇಲೂ ಘರ್ಷಣೆ ಹೆಚ್ಚಿ ಅವು ಸರಿಯದಂತೆ ನಿಲ್ಲುತ್ತವೆ. ಆದ್ದರಿಂದ ಹಿಡಿತವು ಬೆಲ್ಟಿನ ಬಿಗಿತ ಉಳಿದಿರುವವರೆಗೆ ಮಾತ್ರ ಇರುತ್ತದೆ. 50 ಮಿಲಿಮೀಟರ್ ಅಗಲದ, 2,500 ಡೆಕಾನ್ಯೂಟನ್ ಎಲ್.ಸಿ.ಯ ಬೆಲ್ಟನ್ನು ಸಾಮಾನ್ಯ ರ್‍ಯಾಚೆಟ್‌ನಿಂದ ಕೈಬಲದಲ್ಲಿ ಬಿಗಿದಾಗ ಸುಮಾರು 300 ಡೆಕಾನ್ಯೂಟನ್ ಬಿಗಿತ ಬರುತ್ತದೆ, ಚೀಟಿಯಲ್ಲಿ ಎಸ್.ಟಿ.ಎಫ್. ಎಂದು ನಮೂದಿಸಿರುವುದು ಇದನ್ನೇ. ಪೂರ್ಣ ಎಲ್.ಸಿ. ಬಲದಲ್ಲಿ ಪಟ್ಟಿ ಶೇ 7ಕ್ಕಿಂತ ಹೆಚ್ಚು ಹಿಗ್ಗಬಾರದೆಂದು ಮಾನದಂಡ ಹೇಳುವುದರಿಂದ, ಅದರ ಎಂಟನೆಯ ಒಂದು ಭಾಗದಷ್ಟು ಬಲದಲ್ಲಿ ಹಿಗ್ಗುವಿಕೆ ಸರಿಸುಮಾರು ಶೇ 1ರೊಳಗೇ ಇರುತ್ತದೆ. ಎರಡು ಮೀಟರ್ ಎತ್ತರ, ಎರಡು ಮೀಟರ್ ಅಗಲದ ಹೊರೆಯನ್ನು ಬಳಸುವ 6 ಮೀಟರ್ ಪಟ್ಟಿಗೆ ಅದು ಸುಮಾರು 5 ಸೆಂಟಿಮೀಟರ್. ರಸ್ತೆಯ ಕುಲುಕಾಟಕ್ಕೆ ಹುಲ್ಲು ಅಡಗಿ ಹೊರೆಯ ಎತ್ತರ ಎರಡೂವರೆ ಸೆಂಟಿಮೀಟರ್ ಇಳಿದರೂ ಎರಡು ಪಕ್ಕಗಳಿಂದ ಕೂಡಿ 5 ಸೆಂಟಿಮೀಟರ್ ಸಡಿಲ ಬಂದು, ಇದ್ದ ಬಿಗಿತವೆಲ್ಲ ಹೊರಟುಹೋಗುತ್ತದೆ. ಸಿಮೆಂಟ್ ಮೂಟೆಯೂ ಕಬ್ಬಿಣದ ಸರಳೂ ಹೀಗೆ ಕುಗ್ಗುವುದಿಲ್ಲ, ಹುಲ್ಲು ಕುಗ್ಗಿಯೇ ಕುಗ್ಗುತ್ತದೆ. ಹೊರಡುವಾಗ ವೀಣೆಯ ತಂತಿಯಂತಿದ್ದ ಬೆಲ್ಟ್ ಹತ್ತು ಕಿಲೋಮೀಟರ್ ಕಳೆಯುವಷ್ಟರಲ್ಲಿ ಜೋತುಬಿದ್ದರೆ ಅದು ಬೆಲ್ಟಿನ ದೋಷವಲ್ಲ.

ಹಗ್ಗಕ್ಕೂ ರ್‍ಯಾಚೆಟ್ ಬೆಲ್ಟಿಗೂ ಇರುವ ನಿಜವಾದ ಅಂತರ ಇಲ್ಲಿದೆ. ಗಂಟು ಹಾಕಿದ ಹಗ್ಗವನ್ನು ನಡುದಾರಿಯಲ್ಲಿ ಬಿಚ್ಚಿ ಮತ್ತೆ ಬಿಗಿಯುವ ತಾಳ್ಮೆ ಯಾರಿಗೂ ಇರುವುದಿಲ್ಲ, ರ್‍ಯಾಚೆಟ್ ಹಿಡಿಯನ್ನು ನಾಲ್ಕು ಸಲ ಆಡಿಸುವುದು ಅರ್ಧ ನಿಮಿಷದ ಕೆಲಸ. ಅಮೆರಿಕದ ನಿಯಮಗಳು ಮೊದಲ 50 ಮೈಲಿಯೊಳಗೆ ಒಮ್ಮೆ ಕಟ್ಟುಗಳನ್ನು ಪರೀಕ್ಷಿಸಬೇಕೆನ್ನುತ್ತವೆ; ಹೊಲದ ದಾರಿಯಿಂದ ಹೊರಡುವ ಹುಲ್ಲಿನ ಹೊರೆಗೆ ಅಷ್ಟು ದೂರ ಕಾಯುವುದು ಸಲ್ಲದು, ಡಾಂಬರು ರಸ್ತೆ ಹತ್ತಿದ ಕೂಡಲೇ ಒಮ್ಮೆ, ಐದಾರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬಿಗಿಯುವುದು ಉಚಿತ.

ಕಟ್ಟುವ ಕ್ರಮದಲ್ಲಿಯೂ ಗಮನಿಸಬೇಕಾದುದಿದೆ. ಬೇಲ್‌ಗಳನ್ನು ಇಟ್ಟಿಗೆ ಗೋಡೆಯಂತೆ ಒಂದರ ಸಂದಿಯ ಮೇಲೆ ಇನ್ನೊಂದು ಬರುವಂತೆ ಜೋಡಿಸಿ, ಬಿಡಿಯಾಗಿ ನಿಂತ ಪ್ರತಿಯೊಂದು ಸಾಲಿನ ಮೇಲೂ ಬೆಲ್ಟ್ ಹಾಯಿಸಬೇಕು. ಅಂಚಿನಲ್ಲಿ ಪಟ್ಟಿ ಕೊರೆದು ಬೇಲ್‌ನ ಹುರಿ ತುಂಡಾದರೆ ಆ ಬೇಲ್ ಉದುರಿ ಇಡೀ ಸಾಲೇ ಸಡಿಲವಾಗುವುದರಿಂದ ಮೂಲೆಗಳಲ್ಲಿ ಮರದ ಹಲಗೆಯನ್ನೋ ದಪ್ಪ ರಬ್ಬರನ್ನೋ ಇಡಬೇಕು. ರ್‍ಯಾಚೆಟ್ ಉರುಳೆಯ ಮೇಲೆ ಎರಡರಿಂದ ಮೂರು ಸುತ್ತು ಪಟ್ಟಿ ಇರಬೇಕು, ಕಡಿಮೆಯಾದರೆ ಜಾರುತ್ತದೆ, ಹೆಚ್ಚಾದರೆ ಸಿಕ್ಕಿಕೊಳ್ಳುತ್ತದೆ. ಉಳಿದ ತುದಿಯನ್ನು ಚಕ್ರಕ್ಕೆ ಸಿಗದಂತೆ ಸುತ್ತಿಡಬೇಕು. ಪಟ್ಟಿಗೆ ಗಂಟು ಹಾಕಿ ಉದ್ದ ಹೊಂದಿಸುವ ಅಭ್ಯಾಸ ಅದರ ಬಲವನ್ನು ಅರ್ಧಕ್ಕೆ ಇಳಿಸಬಲ್ಲದು. ಅಂಚು ಹರಿದ, ಹೊಲಿಗೆ ಬಿಟ್ಟ, ಸುಟ್ಟು ಗಟ್ಟಿಯಾದ ಬೆಲ್ಟನ್ನು ಬೇರೆ ಕೆಲಸಕ್ಕೂ ಉಳಿಸಿಕೊಳ್ಳದೆ ಕತ್ತರಿಸಿ ಎಸೆಯುವುದು ಲೇಸು.

ಒಳ್ಳೆಯ ಬೆಲ್ಟ್ ಸಿಕ್ಕಿತೆಂದು ಹೊರೆಯ ಎತ್ತರವನ್ನು ಏರಿಸುವುದು ದೊಡ್ಡ ತಪ್ಪು. ಎತ್ತರ ಹೆಚ್ಚಿದಂತೆ ವಾಹನ ಮಗುಚುವ ಸಂಭವವೂ, ಜೋತುಬಿದ್ದ ವಿದ್ಯುತ್ ತಂತಿ ತಗುಲಿ ಒಣಹುಲ್ಲು ಹೊತ್ತಿಕೊಳ್ಳುವ ಅಪಾಯವೂ ಬೆಳೆಯುತ್ತವೆ. ಇವೆರಡನ್ನೂ ತಡೆಯುವ ಬೆಲ್ಟ್ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯು ಮಿತಿ ಮೀರಿ ಪಕ್ಕಕ್ಕೋ ಮೇಲಕ್ಕೋ ಚಾಚಿದ ಹೊರೆಗೆ 20,000 ರೂಪಾಯಿ ದಂಡವನ್ನೂ, ಅದನ್ನು ಇಳಿಸುವ ಖರ್ಚನ್ನೂ ಗೊತ್ತುಮಾಡಿದೆ. ಹುಲ್ಲು ತುಂಬಿದ ಮೇಲೆ ಆಳುಗಳನ್ನು ಅದರ ತುದಿಯಲ್ಲಿ ಕೂರಿಸಿಕೊಂಡು ಹೋಗುವ ಪರಿಪಾಠವನ್ನಂತೂ ಟ್ರ್ಯಾಕ್ಟರ್ ಮಾಲೀಕರು ಇಂದೇ ನಿಲ್ಲಿಸಬೇಕು: ಬೆಲ್ಟ್ ಹಿಡಿದಿಡುವುದು ಹುಲ್ಲನ್ನು ಮಾತ್ರ, ಅದರ ಮೇಲೆ ಕೂತವರನ್ನಲ್ಲ.